ಚೀಟಿಯ ಹಿಂದಿನ ಪುಟ

ತಂಗಿ,

ನಿಮ್ಮ ಪತ್ರ ಶನಿವಾರ ರಾತ್ರಿಯೇ ಓದಿದೆ. ಉತ್ತರ ಬರೆಯಲು ಎರಡು ದಿನ ಹಿಡಿಯಿತು. ಹೇಳಬೇಕಾದ ಸಂಗತಿ ನನ್ನೊಬ್ಬಳದ್ದಲ್ಲ, ಮಗನದ್ದೂ ಹೌದು. ಅವನನ್ನು ಕೇಳದೆ ಬರೆಯುವಂತಿರಲಿಲ್ಲ. ನಿನ್ನೆ ಸಂಜೆ ಕೇಳಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದು, "ಬರೆಯಮ್ಮ, ಆ ಹುಡುಗನಿಗಾದರೂ ಉಪಯೋಗವಾಗಲಿ" ಎಂದ.

ದಾವಣಗೆರೆಯಿಂದ ಇಲ್ಲಿ ಟೆಕ್ಸಸ್‌ನ ಆಸ್ಟಿನ್ ಕಡೆಗೆ ಬಂದು ನಿಮಗೆ ನಾಲ್ಕು ತಿಂಗಳು. ನಿಮ್ಮ ಅಣ್ಣ ಹಾಕಿದ ಅರ್ಜಿಯ ಮೇಲೆ ವರ್ಷಗಟ್ಟಲೆ ಕಾದು ಗ್ರೀನ್ ಕಾರ್ಡ್ ಪಡೆದಿದ್ದೀರಿ. ಹತ್ತೊಂಬತ್ತು ವರ್ಷದ ಮಗ ಸ್ನೇಹಿತನ ಅಪಾರ್ಟ್‌ಮೆಂಟಿನಲ್ಲಿ ಕೈಯಲ್ಲಿ ಬಿಯರ್ ಕ್ಯಾನ್ ಹಿಡಿದು ಕುಳಿತಿದ್ದಾಗ ಪೊಲೀಸರು ಬಂದು, ಇಪ್ಪತ್ತೊಂದು ತುಂಬದವರು ಮದ್ಯ ಹಿಡಿಯುವಂತಿಲ್ಲವೆಂದು ದಂಡದ ಚೀಟಿ ಕೊಟ್ಟು ಹೋಗಿದ್ದಾರೆ. ಅವನಿಗೆ ಇಲ್ಲಿ ಪೊಲೀಸ್ ಆಗುವ ಆಸೆ. ದಂಡ ಕಟ್ಟಿ ಮುಗಿಸಿಬಿಡಲೇ, ಇದು ಅವನ ಕೆಲಸಕ್ಕೆ ಅಡ್ಡ ಬರುತ್ತದೆಯೇ, ಗ್ರೀನ್ ಕಾರ್ಡಿಗೆ ಏಟು ಬೀಳುತ್ತದೆಯೇ, ಅಣ್ಣನಿಗೆ ಹೇಳಲೇ ಬೇಡವೇ ಎಂದು ಕೇಳಿದ್ದೀರಿ. ಅದೇ ಉಸಿರಿನಲ್ಲಿ ಮನೆ ಎಲ್ಲಿ ಮಾಡುವುದು, ಕಾರಿಲ್ಲದೆ ಬದುಕಬಹುದೇ, ಚಳಿಗೆ ಏನು ಕೊಳ್ಳುವುದು ಎಂದೂ ಕೇಳಿದ್ದೀರಿ.

ಕೊನೆಯವನ್ನು ಮೊದಲು ಮುಗಿಸುತ್ತೇನೆ. ಮನೆ ಒಂದು ವರ್ಷ ಬಾಡಿಗೆಯಲ್ಲೇ ಇರಲಿ, ರೌಂಡ್ ರಾಕ್ ಅಥವಾ ಸೀಡರ್ ಪಾರ್ಕ್ ಕಡೆ ನೋಡಿ. ನಮ್ಮ ಜನ ಇದ್ದಾರೆ, ಸೋನಾ ಮಸೂರಿಯಿಂದ ಹಿಡಿದು ನುಗ್ಗೆಕಾಯಿಯವರೆಗೆ ಎಲ್ಲ ಸಿಗುತ್ತದೆ. ಕಾರಿಲ್ಲದೆ ಈ ಊರಿನಲ್ಲಿ ಆಗುವುದಿಲ್ಲ, ನೀವೂ ಓಡಿಸಲು ಕಲಿಯಿರಿ. ಚಳಿ ಕೆಲವೇ ವಾರ. ಆದರೆ 2021ರ ಫೆಬ್ರವರಿಯಲ್ಲಿ ಇಡೀ ಟೆಕ್ಸಸ್ ಹಿಮದಲ್ಲಿ ಕರೆಂಟಿಲ್ಲದೆ ಕುಳಿತದ್ದನ್ನು ನೋಡಿದವಳು ನಾನು, ಕುಡಿಯುವ ನೀರು, ಟಾರ್ಚು, ಎರಡು ಕಂಬಳಿ ಯಾವಾಗಲೂ ಮನೆಯಲ್ಲಿರಲಿ. ಉಳಿದದ್ದು ಭೇಟಿಯಾದಾಗ.

ಈಗ ಹುಡುಗನ ವಿಷಯ.

ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ, ನಿಮಗೆ ಇವತ್ತು ರಾತ್ರಿಯಾದರೂ ನಿದ್ದೆ ಬರಲಿ. ಒಂದು ಬಿಯರ್ ಕ್ಯಾನಿನ ಚೀಟಿಯಿಂದ ಟೆಕ್ಸಸ್‌ನಲ್ಲಿ ಪೊಲೀಸ್ ಆಗುವ ದಾರಿ ಮುಚ್ಚಿಹೋಗುವುದಿಲ್ಲ. ಮುಚ್ಚಿಹೋಗುವುದು ಅದರ ನಂತರ ಮನೆಯವರು ಮಾಡುವ ಕೆಲಸದಿಂದ. ನಮ್ಮ ಮನೆಯಲ್ಲಿ ಹಾಗೆಯೇ ಆಯಿತು, ಮಾಡಿದವಳು ನಾನು.

ನಾವು ಬಂದದ್ದು 1998ರ ಆಗಸ್ಟ್‌ನಲ್ಲಿ. ಮಗನಿಗೆ ಆಗ ಎರಡು ವರ್ಷ. ಷಿಕಾಗೋದಲ್ಲಿ ಇಳಿದು ಇನ್ನೊಂದು ವಿಮಾನ ಹತ್ತಿ ಆಸ್ಟಿನ್‌ಗೆ ಬಂದಾಗ ಇಲ್ಲಿ ಇನ್ನೂ ಹಳೆಯ ಮ್ಯೂಲರ್ ವಿಮಾನ ನಿಲ್ದಾಣವಿತ್ತು; ಮರುವರ್ಷ ಅದು ಮುಚ್ಚಿತು. ಬಾಗಿಲು ತೆರೆದ ಕೂಡಲೇ ಮುಖಕ್ಕೆ ಬಡಿದ ಬಿಸಿಲಿಗೆ, ಇದೇನು ರಾಯಚೂರಿಗೆ ಬಂದೆವೇ ಎನ್ನಿಸಿತ್ತು. ಆದರೆ ನನಗೆ ಹೆಚ್ಚು ನೆನಪಿರುವುದು ಷಿಕಾಗೋಗೆ ಮುಂಚೆ ವಿಮಾನದಲ್ಲೇ ತುಂಬಲು ಕೊಟ್ಟ ಕಾಗದ. ತಿನ್ನುವ ಪದಾರ್ಥ ತರುತ್ತಿದ್ದೀರಾ ಎಂಬ ಪ್ರಶ್ನೆ ಅದರಲ್ಲಿತ್ತು. ಪೆಟ್ಟಿಗೆಯಲ್ಲಿ ಅಮ್ಮ ಹಾಕಿಕೊಟ್ಟ ಅಪ್ಪೆಮಿಡಿ ಉಪ್ಪಿನಕಾಯಿಯ ಭರಣಿ, ಹುಳಿಪುಡಿ, ಹಲಸಿನ ಹಪ್ಪಳ ಎಲ್ಲ ಇತ್ತು. ಅಷ್ಟು ದೂರದಿಂದ ಹೊತ್ತು ತಂದದ್ದನ್ನು ಕಸದ ಬುಟ್ಟಿಗೆ ಹಾಕಿಬಿಟ್ಟರೆ ಎಂಬ ಭಯ. ‘ಇಲ್ಲ’ ಎಂಬ ಚೌಕಕ್ಕೆ ಗುರುತು ಹಾಕಿದೆ. ಯಾರೂ ಪೆಟ್ಟಿಗೆ ಬಿಚ್ಚಲಿಲ್ಲ. ಮನೆಗೆ ಬಂದು ಆ ರಾತ್ರಿ ಅನ್ನ, ಮೊಸರು, ಅಪ್ಪೆಮಿಡಿ ಉಂಡೆವು. ಈ ದೇಶದಲ್ಲಿ ನಾನು ತುಂಬಿದ ಮೊದಲ ಕಾಗದ ಅದು. ಏನೂ ಆಗಲಿಲ್ಲವಲ್ಲ, ಅದೇ ಮನಸ್ಸಿನಲ್ಲಿ ಕುಳಿತುಬಿಟ್ಟಿತು.

ನನ್ನ ಅಪ್ಪ ಸಾಗರದಲ್ಲಿ ಹೆಡ್ ಕಾನ್‌ಸ್ಟೆಬಲ್ ಆಗಿದ್ದರು. ಊರವರು ದಫೇದಾರರು ಎನ್ನುತ್ತಿದ್ದರು. ಮೂರು ವರ್ಷಕ್ಕೊಮ್ಮೆ ಮಾರಿಕಾಂಬಾ ಜಾತ್ರೆ ಬಂದಾಗ ಅಪ್ಪ ಮನೆಗೆ ಬರುತ್ತಿದ್ದುದೇ ಕಡಿಮೆ. ಕುಡಿದು ಗಲಾಟೆ ಮಾಡಿದ ಹುಡುಗರನ್ನು ರಾತ್ರಿ ಠಾಣೆಯ ಬೆಂಚಿನ ಮೇಲೆ ಕೂರಿಸಿ, ಬೆಳಿಗ್ಗೆ ಅವರ ಅಪ್ಪಂದಿರನ್ನು ಕರೆಸಿ, ಮುಚ್ಚಳಿಕೆ ಬರೆಸಿಕೊಂಡು ಕಳಿಸುತ್ತಿದ್ದರು. ಕೇಸು ಹಾಕಿದರೆ ಹುಡುಗನ ಜೀವನ ಹಾಳಾಗುತ್ತದೆ ಎಂಬ ಕರುಣೆ. ಆ ಮುಚ್ಚಳಿಕೆಗಳು ಠಾಣೆಯ ಮರದ ಪೆಟ್ಟಿಗೆಯಲ್ಲಿ ಬಿದ್ದಿರುತ್ತಿದ್ದವು, ಮುಂದಿನ ಜಾತ್ರೆಯ ಹೊತ್ತಿಗೆ ಗೆದ್ದಲು ತಿಂದಿರುತ್ತಿತ್ತು. ಹಾಗೆ ಬೆಂಚಿನ ಮೇಲೆ ಕುಳಿತಿದ್ದ ಹುಡುಗನೊಬ್ಬ ಮುಂದೆ ತಾನೇ ಪೊಲೀಸ್ ಆಗಿ, ಸಮವಸ್ತ್ರದಲ್ಲಿ ಬಂದು ಅಪ್ಪನ ಕಾಲಿಗೆ ನಮಸ್ಕರಿಸಿದ್ದನ್ನು ನಾನು ಅಡುಗೆ ಮನೆಯ ಬಾಗಿಲಲ್ಲಿ ನಿಂತು ನೋಡಿದ್ದೇನೆ.

ನೀವೂ ನಮ್ಮ ಕಡೆಯವರೇ. ಹರೆಯದವರ ತಪ್ಪನ್ನು ಹಿರಿಯರು ನಾಲ್ಕು ಗೋಡೆಯೊಳಗೆ ಮುಗಿಸಿಬಿಡುವುದು ಹೇಗೆ ಎಂದು ನಿಮಗೆ ಬಿಡಿಸಿ ಹೇಳಬೇಕಾಗಿಲ್ಲ. ನಾನು ಆ ನಂಬಿಕೆಯನ್ನೂ ಉಪ್ಪಿನಕಾಯಿಯ ಜೊತೆಗೆ ಇಲ್ಲಿಗೆ ತಂದಿದ್ದೆ.

ನನ್ನ ಮಗನಿಗೆ ಚಿಕ್ಕಂದಿನಿಂದ ಅಜ್ಜನ ಹುಚ್ಚು. ಎರಡು ವರ್ಷಕ್ಕೊಮ್ಮೆ ಊರಿಗೆ ಹೋದಾಗ ಅಜ್ಜನ ಹಳೆಯ ಬೆಲ್ಟಿನ ಹಿತ್ತಾಳೆಯ ಬಿಲ್ಲೆಯನ್ನು ಹುಣಸೆಹಣ್ಣು ಹಾಕಿ ತಿಕ್ಕುತ್ತ ಜಗಲಿಯಲ್ಲಿ ಕೂರುತ್ತಿದ್ದ. ಅಜ್ಜ ಬಿಸಿಲಿಗೆ ಹಿಡಿದು ನೋಡಿ, "ಇಲ್ಲಿ ಇನ್ನೂ ಕಪ್ಪಿದೆ" ಎಂದು ವಾಪಸು ಕೊಡುತ್ತಿದ್ದರು. ಇಲ್ಲಿನ ನಮ್ಮವರ ಮಕ್ಕಳೆಲ್ಲ ಕಂಪ್ಯೂಟರ್, ಡಾಕ್ಟರ್ ಎನ್ನುವಾಗ ಇವನು ಪೊಲೀಸ್ ಎಂದ. ನನ್ನ ಗಂಡನಿಗೆ ಇಷ್ಟವಿರಲಿಲ್ಲ. ನನಗೆ ಮಾತ್ರ ಒಳಗೊಳಗೇ ಹೆಮ್ಮೆ.

2015ರಲ್ಲಿ ಅವನಿಗೆ ಹತ್ತೊಂಬತ್ತು, ನಿಮ್ಮ ಹುಡುಗನದೇ ವಯಸ್ಸು. ಇಲ್ಲಿಂದ ದಕ್ಷಿಣಕ್ಕಿರುವ ಒಂದು ಕಾಲೇಜು ಊರಿನಲ್ಲಿ ಓದುತ್ತಿದ್ದ. ಒಂದು ಶುಕ್ರವಾರ ರಾತ್ರಿ ಯಾರದೋ ಮನೆಯಲ್ಲಿ ಗದ್ದಲವೆಂದು ನೆರೆಯವರು ದೂರು ಕೊಟ್ಟರು. ಪೊಲೀಸರು ಬಂದಾಗ ಇವನ ಕೈಯಲ್ಲಿ ಅರ್ಧ ಖಾಲಿಯಾದ ಬಿಯರ್ ಇತ್ತು. ಬೇಡಿ ಹಾಕಲಿಲ್ಲ, ಠಾಣೆಗೆ ಒಯ್ಯಲಿಲ್ಲ. ಒಂದು ಚೀಟಿ ಬರೆದು, ಸಹಿ ಹಾಕಿಸಿಕೊಂಡು ಹೋದರು. ಮಗ ಮರುದಿನ ತಾನಾಗಿಯೇ ಮನೆಗೆ ಬಂದು ಆ ಚೀಟಿಯನ್ನು ಊಟದ ಮೇಜಿನ ಮೇಲಿಟ್ಟ. ಮುಚ್ಚಿಡುವ ಸ್ವಭಾವ ಅವನದಲ್ಲ. ಅದನ್ನು ಕಲಿಸಿದವಳು ನಾನು.

ಆ ಚೀಟಿಯ ಹಿಂದೆ ಮೂರು ಚೌಕಗಳಿದ್ದವು: ತಪ್ಪು ಒಪ್ಪುತ್ತೇನೆ, ತಪ್ಪು ಮಾಡಿಲ್ಲ, ಮೂರನೆಯದು ‘ನೋ ಕಾಂಟೆಸ್ಟ್’, ಅಂದರೆ ವಾದಿಸುವುದಿಲ್ಲ. ನಾನು ಮೂರನೆಯದನ್ನು ಆರಿಸಿದೆ. ಒಪ್ಪಿಕೊಂಡಂತೆಯೂ ಅಲ್ಲ, ಜಗಳಕ್ಕೆ ನಿಂತಂತೆಯೂ ಅಲ್ಲ, ಮರ್ಯಾದೆಯ ದಾರಿ ಎಂದುಕೊಂಡೆ. ಅವನಿಂದ ಸಹಿ ಮಾಡಿಸಿ, ಮನಿ ಆರ್ಡರ್ ಸೇರಿಸಿ ಅಂಚೆಗೆ ಹಾಕಿದೆ. ವಕೀಲರನ್ನು ಕೇಳಲಿಲ್ಲ. ಕೇಳಿದರೆ ಇನ್ನೊಬ್ಬರಿಗೆ ವಿಷಯ ಗೊತ್ತಾಗುತ್ತದಲ್ಲ. ಟೆಕ್ಸಸ್‌ನ ಕಾನೂನಿನಲ್ಲಿ ಹಾಗೆ ದಂಡ ಕಟ್ಟಿದರೆ ಕೋರ್ಟು ಅದನ್ನು ಶಿಕ್ಷೆಯಾದ ಪ್ರಕರಣವೆಂದೇ ದಾಖಲಿಸುತ್ತದೆ. ಅವನು ಮದ್ಯಪಾನದ ತರಗತಿಗೆ ಹೋಗಿಬಂದ, ಸಮುದಾಯ ಸೇವೆಯ ಗಂಟೆಗಳನ್ನು ಮುಗಿಸಿದ, ಮೂವತ್ತು ದಿನ ಲೈಸೆನ್ಸ್ ಇಲ್ಲದೆ ಗೆಳೆಯರ ಕಾರಿನಲ್ಲಿ ಓಡಾಡಿದ. ನಾವು ಮುಗಿಯಿತು ಎಂದುಕೊಂಡೆವು.

ಕಾನೂನನ್ನು ಸ್ವಲ್ಪ ತಿಳಿದುಕೊಳ್ಳಿ. ಕುಡಿಯುವ ವಯಸ್ಸು ಇಲ್ಲಿ ಹಿಂದೆ ರಾಜ್ಯಕ್ಕೊಂದು ರೀತಿ ಇತ್ತು. ಟೆಕ್ಸಸ್‌ನಲ್ಲಿ 1973ರಿಂದ ಹದಿನೆಂಟು, 1981ರಿಂದ ಹತ್ತೊಂಬತ್ತು. 1984ರಲ್ಲಿ ಕೇಂದ್ರ ಸರ್ಕಾರ ಇಪ್ಪತ್ತೊಂದಕ್ಕೆ ಏರಿಸದ ರಾಜ್ಯಗಳ ಹೆದ್ದಾರಿ ಅನುದಾನದಲ್ಲಿ ಒಂದು ಪಾಲು ತಡೆಹಿಡಿಯುವ ಕಾನೂನು ತಂದಿತು, 1986ರಿಂದ ಟೆಕ್ಸಸ್ ಕೂಡ ಇಪ್ಪತ್ತೊಂದು. ಇಪ್ಪತ್ತೊಂದು ತುಂಬದವರು ಕೊಂಡರೂ, ಕುಡಿದರೂ, ಕೈಯಲ್ಲಿ ಹಿಡಿದರೂ ತಪ್ಪೇ. ಸೀಲು ಒಡೆಯದ ಕ್ಯಾನ್ ಆದರೂ ತಪ್ಪೇ. ಹೀಗೆ ಕೈಯಲ್ಲಿ ಹಿಡಿದದ್ದಕ್ಕೆ ಬರುವ ಕೇಸನ್ನು ಎಂ.ಐ.ಪಿ., ಅಂದರೆ ‘ಮೈನರ್ ಇನ್ ಪೊಸೆಷನ್’ ಎನ್ನುತ್ತಾರೆ. ಎಲ್ಲಕ್ಕಿಂತ ಕೆಳಗಿನ ‘ಸಿ’ ದರ್ಜೆಯ ಅಪರಾಧ, ಮೊದಲ ಸಲಕ್ಕೆ ಐನೂರು ಡಾಲರ್‌ವರೆಗೆ ದಂಡ, ಎಂಟರಿಂದ ಹನ್ನೆರಡು ಗಂಟೆ ಸಮುದಾಯ ಸೇವೆ, ತರಗತಿ. ಜೈಲಿಲ್ಲ. ನಮ್ಮ ಕಡೆಯ ಮಾತಿನಲ್ಲಿ ಹೇಳುವುದಾದರೆ ಪೆಟ್ಟಿ ಕೇಸು. ಆದರೆ ಪೆಟ್ಟಿ ಕೇಸೂ ಇಲ್ಲಿ ಅಪರಾಧದ ಪಟ್ಟಿಯಲ್ಲೇ ಬರುತ್ತದೆ, ಗೆದ್ದಲು ತಿನ್ನದ ಕಾಗದದ ಮೇಲೆ.

ಪೊಲೀಸರಿಗೆ ಪರವಾನಗಿ ಕೊಡುವುದು ಟಿಕೋಲ್ ಎಂದು ಕರೆಯುವ ರಾಜ್ಯ ಆಯೋಗ. ‘ಎ’ ದರ್ಜೆಯ ಅಪರಾಧದಲ್ಲಿ ಶಿಕ್ಷೆಯಾಗಿದ್ದರೆ ಅಲ್ಲಿ ಪ್ರವೇಶವೇ ಇಲ್ಲ. ‘ಬಿ’ ದರ್ಜೆಯದಾದರೆ ಹತ್ತು ವರ್ಷ ಕಾಯಬೇಕು. ‘ಸಿ’ ದರ್ಜೆಯ ಎಂ.ಐ.ಪಿ. ಈ ಬಾಗಿಲನ್ನು ಮುಚ್ಚುವುದಿಲ್ಲ. ಕುಡಿದು ಕಾರು ಓಡಿಸಿದರೆ ಮಾತ್ರ ಕಥೆಯೇ ಬೇರೆ. ಇಪ್ಪತ್ತೊಂದು ತುಂಬದವರ ಮೈಯಲ್ಲಿ ಮದ್ಯದ ಸುಳಿವಿದ್ದು ಕಾರು ಓಡಿಸಿದರೆ ಅದೇ ಅಪರಾಧ, ಅಮಲು ಮಿತಿ ದಾಟಿದ್ದರೆ ‘ಬಿ’ ದರ್ಜೆ, ಹತ್ತು ವರ್ಷ ಹೋಯಿತು. ನಿಮ್ಮ ಹುಡುಗನಿಗೆ ಇದೊಂದನ್ನು ಎದುರು ಕೂರಿಸಿಕೊಂಡು ಹೇಳಿ. ಸುಳ್ಳು ವಯಸ್ಸಿನ ಗುರುತಿನ ಚೀಟಿಯನ್ನೂ ಗೆಳೆಯರಿಂದ ಪಡೆಯಬಾರದು. ಬಿಯರಿಗಿಂತ ಅದು ಕೆಟ್ಟದ್ದು, ಪೊಲೀಸ್ ಇಲಾಖೆ ಅದನ್ನು ಮೋಸವೆಂದೇ ಓದುತ್ತದೆ.

ಆಯೋಗದ ನಿಯಮ ಹೊಸ್ತಿಲು ಮಾತ್ರ. ಒಳಗೆ ಪ್ರತಿಯೊಂದು ಊರಿನ ಇಲಾಖೆಗೂ ತನ್ನದೇ ಅಳತೆಯಿದೆ. ಮದ್ಯದ ಪ್ರಕರಣ ತೀರಾ ಇತ್ತೀಚಿನದಾದರೆ ಕೆಲವು ಕಾಲ ಕಳೆದು ಬನ್ನಿ ಎನ್ನುವವರಿದ್ದಾರೆ. ಎರಡು ಮೂರು ಸಲ ಆಗಿದ್ದರೆ ಈ ಹುಡುಗನಿಗೆ ಬುದ್ಧಿ ಬಂದಿಲ್ಲ ಎಂದು ತೀರ್ಮಾನಿಸುತ್ತಾರೆ. ಒಂದೇ ಸಲ, ವರ್ಷಗಳ ಹಿಂದೆ, ತಾನಾಗಿ ಬರೆದು ಒಪ್ಪಿಕೊಂಡದ್ದಾದರೆ ಓದಿ, ಒಂದೆರಡು ಪ್ರಶ್ನೆ ಕೇಳಿ, ಪುಟ ತಿರುಗಿಸುತ್ತಾರೆ. ಈ ಮಾತನ್ನು ನನಗೆ ಹೇಳಿದ್ದು ನಿವೃತ್ತ ಪೊಲೀಸ್ ಅಧಿಕಾರಿಯೊಬ್ಬರು. ಎಲ್ಲ ಮುಗಿದ ಮೇಲೆ ಹೇಳಿದರು.

ಏಕೆಂದರೆ 2019ರಲ್ಲಿ ನನ್ನ ಮಗ ಅರ್ಜಿ ಹಾಕಿದ. ಡಿಗ್ರಿ ಮುಗಿದಿತ್ತು, ಪ್ರಜೆಯಾಗಿದ್ದ, ಓಟದ ಪರೀಕ್ಷೆಯಲ್ಲೂ ಲಿಖಿತ ಪರೀಕ್ಷೆಯಲ್ಲೂ ತೇರ್ಗಡೆಯಾಗಿದ್ದ. ಆಮೇಲೆ ಒಂದು ದಪ್ಪ ಅರ್ಜಿ ಕೊಟ್ಟರು, ಪರ್ಸನಲ್ ಹಿಸ್ಟರಿ ಸ್ಟೇಟ್‌ಮೆಂಟ್ ಎಂದು. ಇದ್ದ ಮನೆಗಳು, ಮಾಡಿದ ಕೆಲಸಗಳು, ಸಾಲ, ಸಂಬಂಧಿಕರು, ಟ್ರಾಫಿಕ್ ಚೀಟಿಗಳು ಎಲ್ಲವನ್ನೂ ತುಂಬಬೇಕು. ನಮ್ಮಲ್ಲಿ ಪಾಸ್‌ಪೋರ್ಟಿಗೆ ಠಾಣೆಯವರು ಮನೆಗೆ ಬಂದು, ಕಾಫಿ ಕುಡಿದು, ಪಕ್ಕದ ಮನೆಯವರನ್ನು ಎರಡು ಮಾತು ಕೇಳಿ ಹೋಗುತ್ತಾರಲ್ಲ, ಅಂಥದ್ದೇ ಇರಬಹುದು ಎಂದುಕೊಂಡಿದ್ದೆ. ಇಲ್ಲಿ ಅದಕ್ಕೆಂದೇ ಒಬ್ಬ ತನಿಖಾಧಿಕಾರಿ ಇರುತ್ತಾರೆ. ವಾರಗಟ್ಟಲೆ ಹಳೆಯ ಮೇಷ್ಟರು, ಮನೆ ಮಾಲೀಕರು, ಜೊತೆಗೆ ಕೆಲಸ ಮಾಡಿದವರು ಎಲ್ಲರನ್ನೂ ಕೇಳುತ್ತಾರೆ.

ಊಟದ ಮೇಜಿನ ಮೇಲೆ, ಅದೇ ಮೇಜಿನ ಮೇಲೆ, ಅವನು ಬರೆಯುತ್ತ ಕುಳಿತಿದ್ದ. ಎಂದಾದರೂ ಬಂಧನ, ಆರೋಪ, ಚೀಟಿ ಏನಾದರೂ ಆಗಿದೆಯೇ ಎಂಬ ಪ್ರಶ್ನೆ ಬಂತು. ಪೆನ್ನು ನಿಲ್ಲಿಸಿ, "ಅಮ್ಮ, ಇದರಲ್ಲಿ ಅದನ್ನು ಬರೆಯಬೇಕಲ್ಲ" ಎಂದ. ನಾನು ಒಲೆಯ ಮೇಲಿದ್ದ ಸಾರಿಗೆ ಒಗ್ಗರಣೆ ಹಾಕುತ್ತಿದ್ದೆ. ತಿರುಗಿ ಕೂಡ ನೋಡದೆ, "ಅದೇನು ಕೇಸೇ? ಪಾರ್ಕಿಂಗ್ ದಂಡದ ಹಾಗೆ. ಮುಗಿದ ಕಥೆ, ಯಾಕೆ ಕೈಯಾರೆ ಮೈಮೇಲೆ ಎಳೆದುಕೊಳ್ಳುತ್ತೀಯ? ಇಲ್ಲ ಎಂದು ಬರೆ" ಎಂದೆ. ಅವನು ಸ್ವಲ್ಪ ಹೊತ್ತು ಸುಮ್ಮನಿದ್ದ. ಆಮೇಲೆ ಬರೆದ. ಪೆನ್ನು ಕಾಗದದ ಮೇಲೆ ಓಡಿದ ಸದ್ದು ಆ ಒಗ್ಗರಣೆಯ ಸದ್ದಿನಲ್ಲೂ ನನಗೆ ಕೇಳಿಸಿತ್ತು.

ನಾಲ್ಕನೆಯ ವಾರ ಸುಳ್ಳು ಪತ್ತೆಯ ಯಂತ್ರದ ಪರೀಕ್ಷೆ. ಖಾಸಗಿ ಕಂಪನಿಗಳು ಕೆಲಸಕ್ಕೆ ಬಂದವರನ್ನು ಹಾಗೆ ಪರೀಕ್ಷಿಸುವುದನ್ನು 1988ರ ಕಾನೂನು ಹೆಚ್ಚುಕಡಿಮೆ ನಿಲ್ಲಿಸಿದೆ, ಸರ್ಕಾರಿ ಇಲಾಖೆಗಳಿಗೆ ಆ ತಡೆಯಿಲ್ಲ. ಯಂತ್ರದ ತಂತಿ ಕಟ್ಟುವ ಮೊದಲು ಅರ್ಜಿಯಲ್ಲಿ ಏನಾದರೂ ತಿದ್ದುವುದಿದೆಯೇ ಎಂದು ಕೇಳಿದರಂತೆ. ಮಗ ಎಲ್ಲವನ್ನೂ ಹೇಳಿಬಿಟ್ಟ. ಬರೆಯಬೇಡ ಎಂದು ಯಾರಾದರೂ ಹೇಳಿಕೊಟ್ಟರೇ ಎಂದು ಅವರು ಕೇಳಿದಾಗ, "ಬರೆದವನು ನಾನು" ಎಂದನಂತೆ. ಅಷ್ಟೇ ಹೇಳಿದನಂತೆ, ನನ್ನ ಹೆಸರು ತರಲಿಲ್ಲ.

ಎರಡು ಸಾಲಿನ ಪತ್ರ ಬಂತು. ಅರ್ಜಿಯಲ್ಲಿ ಸತ್ಯ ಮರೆಮಾಚಿದ ಕಾರಣಕ್ಕೆ ಅನರ್ಹ. ಬಿಯರಿನ ಮಾತು ಅದರಲ್ಲಿ ಎಲ್ಲೂ ಇರಲಿಲ್ಲ.

ಇಷ್ಟು ಚಿಕ್ಕದಕ್ಕೆ ಇಷ್ಟು ದೊಡ್ಡ ಶಿಕ್ಷೆಯೇ ಎಂದು ನಾನು ಕುದಿದೆ. ಆಗ ಆ ನಿವೃತ್ತ ಅಧಿಕಾರಿ ವಿವರಿಸಿದರು. ಇಲ್ಲಿ ಪೊಲೀಸನೆಂದರೆ ಕೋರ್ಟಿನಲ್ಲಿ ಸಾಕ್ಷಿ ಹೇಳುವವನು. 1963ರ ಬ್ರೇಡಿ ಮೊಕದ್ದಮೆಯಲ್ಲಿ, ಆರೋಪಿಗೆ ಅನುಕೂಲವಾಗುವ ಸಾಕ್ಷ್ಯವನ್ನು ಸರ್ಕಾರಿ ವಕೀಲರು ಮುಚ್ಚಿಡುವಂತಿಲ್ಲ ಎಂದು ಸುಪ್ರೀಂ ಕೋರ್ಟ್ ಹೇಳಿತು. 1972ರ ಗಿಗ್ಲಿಯೋ ಮೊಕದ್ದಮೆ ಅದನ್ನು ಸಾಕ್ಷಿದಾರರ ನಂಬಿಕೆಯ ಪ್ರಶ್ನೆಗೂ ಚಾಚಿತು. ಒಬ್ಬ ಪೊಲೀಸ್ ಹಿಂದೆ ಸುಳ್ಳು ಹೇಳಿದ್ದು ದಾಖಲಾಗಿದ್ದರೆ ಅದನ್ನು ಆರೋಪಿಯ ವಕೀಲರಿಗೆ ತಿಳಿಸಬೇಕಾಗುತ್ತದೆ, ಆ ವಕೀಲರು ಅದನ್ನೇ ಹಿಡಿದು ಅವನ ಸಾಕ್ಷ್ಯವನ್ನು ಉರುಳಿಸುತ್ತಾರೆ. ಅಂಥವನನ್ನು ಕೆಲಸಕ್ಕೆ ಇಟ್ಟುಕೊಂಡು ಇಲಾಖೆ ಏನು ಮಾಡೀತು? ನೀವು ಈಗ ಇರುವ ಈ ವಿಲಿಯಮ್ಸನ್ ಕೌಂಟಿಯಲ್ಲೇ ಮೈಕೆಲ್ ಮಾರ್ಟನ್ ಎಂಬವರಿಗೆ ಹೆಂಡತಿಯನ್ನು ಕೊಂದರೆಂದು 1987ರಲ್ಲಿ ಶಿಕ್ಷೆಯಾಗಿತ್ತು. ಅವರು ಕೊಂದಿರಲಿಲ್ಲ. ಅವರಿಗೆ ಅನುಕೂಲವಾಗುವ ಕಾಗದಗಳು ವಕೀಲರ ಕೈಗೆ ಬರಲೇ ಇಲ್ಲ. ಸುಮಾರು ಇಪ್ಪತ್ತೈದು ವರ್ಷ ಜೈಲಿನಲ್ಲಿದ್ದು, ಡಿಎನ್‌ಎ ಪರೀಕ್ಷೆಯಿಂದ 2011ರಲ್ಲಿ ಹೊರಗೆ ಬಂದರು. 2013ರಲ್ಲಿ ಟೆಕ್ಸಸ್ ಅವರ ಹೆಸರಿನಲ್ಲೇ ಕಾನೂನು ಮಾಡಿತು. ಇದನ್ನು ಕೇಳಿದ ಮೇಲೆ ನನ್ನ ಸಿಟ್ಟು ಇಳಿಯಿತು, ಉಳಿದದ್ದು ಸಂಕಟ. ಅಪ್ಪ ಹುಡುಗರನ್ನು ಉಳಿಸಲು ಕಾಗದ ಮಾಡುತ್ತಿರಲಿಲ್ಲ. ಇಲ್ಲಿ ಕಾಗದ ಮುಚ್ಚಿಟ್ಟು ಒಬ್ಬ ಮನುಷ್ಯನ ಯೌವನವನ್ನೇ ತಿಂದಿದ್ದರು.

ಇನ್ನೊಂದು ಊರಿನ ಇಲಾಖೆಗೆ ಮಗ ಅರ್ಜಿ ಹಾಕಿದ. ಬೇರೆ ಎಲ್ಲಾದರೂ ತಿರಸ್ಕೃತರಾಗಿದ್ದೀರಾ, ಏಕೆ ಎಂಬ ಪ್ರಶ್ನೆ ಅದರಲ್ಲೂ ಇತ್ತು. ಈ ಸಲ ಎಲ್ಲವನ್ನೂ ಬರೆದ. ಕರೆ ಬರಲಿಲ್ಲ. ಮೂರನೆಯದಕ್ಕೆ ಅವನೇ ಹಾಕಲಿಲ್ಲ. ಈಗ ನಗರದ ನೀರು ಸರಬರಾಜು ವಿಭಾಗದಲ್ಲಿದ್ದಾನೆ. ಒಳ್ಳೆಯ ಕೆಲಸ, ಮರ್ಯಾದೆಯ ಕೆಲಸ, 2021ರ ಹಿಮದಲ್ಲಿ ಹಗಲು ರಾತ್ರಿ ದುಡಿದವರಲ್ಲಿ ಅವನೂ ಒಬ್ಬ. ನನ್ನನ್ನು ಒಂದು ದಿನವೂ ಎತ್ತಿ ಆಡಲಿಲ್ಲ.

ಅಪ್ಪ ಊರಿನಿಂದ ಪ್ರತಿ ಭಾನುವಾರ ಫೋನಿನಲ್ಲಿ, "ಟ್ರೈನಿಂಗ್ ಯಾವಾಗಿನಿಂದಂತೆ?" ಎಂದು ಕೇಳುತ್ತಿದ್ದರು. ಒಂದು ದಿನ ತಾಳಲಾರದೆ, "ಎತ್ತರ ಸಾಲಲಿಲ್ಲವಂತೆ ಅಪ್ಪ" ಎಂದುಬಿಟ್ಟೆ. ನಮ್ಮಲ್ಲಿ ಭರ್ತಿಗೆ ಎತ್ತರ, ಎದೆಯಳತೆ ನೋಡುತ್ತಾರಲ್ಲ, ನಂಬುತ್ತಾರೆ ಎಂದುಕೊಂಡೆ. ಆ ಕಡೆ ಸ್ವಲ್ಪ ಹೊತ್ತು ಮಾತಿಲ್ಲ. ಆಮೇಲೆ, "ನನಗಿಂತ ನಾಲ್ಕು ಬೆರಳು ಎತ್ತರವಿದ್ದಾನಲ್ಲೇ" ಎಂದು ಫೋನನ್ನು ಅಮ್ಮನ ಕೈಗೆ ಕೊಟ್ಟರು. ಮತ್ತೆ ಎಂದೂ ಆ ಮಾತು ಎತ್ತಲಿಲ್ಲ. 2021ರಲ್ಲಿ ಹೋಗಿಬಿಟ್ಟರು. ಮೂವತ್ತು ವರ್ಷ ಸುಳ್ಳು ಹೇಳುವವರ ಮುಖ ನೋಡಿದವರು ಅವರು. ಫೋನಿನಲ್ಲಿ ಮಗಳ ದನಿ ಗೊತ್ತಾಗದೆ ಇರುತ್ತದೆಯೇ?

ಅದಕ್ಕೇ ತಂಗಿ, ಅಣ್ಣನಿಗೆ ಹೇಳಬೇಕೇ ಎಂದು ಕೇಳಿದಿರಲ್ಲ, ಹೇಳಿ. ಇವತ್ತೇ ಹೇಳಿ. ಅವರು ಎರಡು ದಿನ ಬೈಯಬಹುದು, ಬೈಯಲಿ. ಊರಿನ ನೆಂಟರಿಗೆಲ್ಲ ಸಾರಬೇಕಾಗಿಲ್ಲ. ಆದರೆ ಹುಡುಗನ ಮುಂದೆ ಮನೆಯಲ್ಲಿ ಪಿಸುಮಾತು ಬೇಡ. ನಾಳೆ ಯಾರಾದರೂ ಕೇಳಿದರೆ ಬಾಯಿ ಬಿಟ್ಟು ಹೇಳುವ ಅಭ್ಯಾಸ ಅವನಿಗೆ ಇಲ್ಲಿಂದಲೇ ಆಗಲಿ.

ದಂಡ ಕಟ್ಟಿ ಕಳಿಸಬೇಡಿ. ಚೀಟಿಯ ಮೇಲಿರುವ ದಿನಾಂಕದೊಳಗೆ ಕೋರ್ಟಿಗೆ ಹೋಗಬೇಕು, ಅದಕ್ಕೂ ಮೊದಲು ವಕೀಲರೊಬ್ಬರನ್ನು ಕಾಣಬೇಕು. ಮೊದಲ ಸಲದವರಿಗೆ ‘ಡಿಫರ್ಡ್ ಡಿಸ್ಪೊಸಿಷನ್’ ಎಂಬ ದಾರಿಯಿದೆ. ನ್ಯಾಯಾಧೀಶರು ಹೆಚ್ಚೆಂದರೆ 180 ದಿನಗಳ ಗಡುವು ಕೊಟ್ಟು ಷರತ್ತು ಹಾಕುತ್ತಾರೆ, ತರಗತಿ, ಸೇವೆ ಎಲ್ಲವನ್ನೂ ಹೇಳಿದಂತೆ ಮುಗಿಸಿದರೆ ಪ್ರಕರಣ ವಜಾ ಆಗುತ್ತದೆ, ಶಿಕ್ಷೆಯೆಂದು ದಾಖಲಾಗುವುದಿಲ್ಲ. ಒಂದು ವೇಳೆ ಶಿಕ್ಷೆಯಾದರೂ, ಮದ್ಯದ ಪ್ರಕರಣ ಅದೊಂದೇ ಆಗಿದ್ದರೆ ಇಪ್ಪತ್ತೊಂದು ತುಂಬಿದ ಮೇಲೆ ದಾಖಲೆಯನ್ನು ಅಳಿಸಿಹಾಕಲು ಅದೇ ಕೋರ್ಟಿಗೆ ಅರ್ಜಿ ಕೊಡಬಹುದು. ನಾವು ಅದನ್ನೂ ಮಾಡಲಿಲ್ಲ. ಮುಗಿದ ಕಥೆ ಎಂದು ಬಿಟ್ಟಿದ್ದೆವಲ್ಲ.

ಅಳಿಸಿದ ಮೇಲೂ ಎಲ್ಲ ಕಡೆ ‘ಇಲ್ಲ’ ಎಂದು ಬರೆಯಬಹುದು ಎಂದು ತಿಳಿಯಬೇಡಿ. ಕೇಂದ್ರದ ಎಫ್‌ಬಿಐನಂಥ ಕಡೆ ತುಂಬಿಸುವ ಎಸ್‌ಎಫ್-86 ಅರ್ಜಿಯಲ್ಲಿ ಮದ್ಯ ಅಥವಾ ಮಾದಕ ವಸ್ತುವಿನ ಆರೋಪ ಎಂದಾದರೂ ಬಂದಿತ್ತೇ ಎಂದು ಕೇಳುತ್ತಾರೆ, ದಾಖಲೆ ಅಳಿಸಿದ್ದರೂ ಬರೆಯಿರಿ ಎಂಬ ಸೂಚನೆ ಅಲ್ಲೇ ಇದೆ. ಪ್ರಜೆಯಾಗಲು ತುಂಬುವ ಎನ್-400 ಅರ್ಜಿಯೂ ಹಾಗೆಯೇ. ಯಾವ ಅಧಿಕಾರಿಯಾದರೂ ಎಂದಾದರೂ ಬಂಧಿಸಿದ್ದರೇ, ಚೀಟಿ ಕೊಟ್ಟಿದ್ದರೇ ಎಂಬ ಪ್ರಶ್ನೆ ಅಲ್ಲೂ ಉಂಟು. ಆದ್ದರಿಂದ ಪ್ರಕರಣ ಮುಗಿದ ಕೂಡಲೇ ಕೋರ್ಟಿನಿಂದ ಅಂತಿಮ ಆದೇಶದ ದೃಢೀಕೃತ ಪ್ರತಿಗಳನ್ನು ಪಡೆದಿಟ್ಟುಕೊಳ್ಳಿ. ಅಳಿಸಿದ ಮೇಲೆ ಕೇಳಿದರೆ ಕೊಡಲು ಅವರ ಬಳಿಯೇ ಇರುವುದಿಲ್ಲ.

ಗ್ರೀನ್ ಕಾರ್ಡಿನ ಮಾತು: ಬಿಯರ್ ಹಿಡಿದದ್ದಕ್ಕೆ ಒಂದು ಚೀಟಿ ಬಂದರೆ ಅದರಿಂದಲೇ ಯಾರನ್ನೂ ಹೊರಗೆ ಹಾಕುವುದಿಲ್ಲ. ಆದರೂ ವಲಸೆ ವಕೀಲರನ್ನು ಒಮ್ಮೆ ಕೇಳಿ, ಆ ಖರ್ಚಿಗೆ ಹಿಂದೆಮುಂದೆ ನೋಡಬೇಡಿ. ವಿದ್ಯಾರ್ಥಿ ವೀಸಾದಲ್ಲಿರುವವರ ಪಾಡು ಹೆಚ್ಚು ಸೂಕ್ಷ್ಮ. 2025ರ ವಸಂತದಲ್ಲಿ ಸಾವಿರಾರು ವಿದೇಶಿ ವಿದ್ಯಾರ್ಥಿಗಳ ದಾಖಲೆಗಳನ್ನು ಸರ್ಕಾರ ಇದ್ದಕ್ಕಿದ್ದಂತೆ ರದ್ದು ಮಾಡಿತು. ಬರೀ ಟ್ರಾಫಿಕ್ ಚೀಟಿ ಇದ್ದವರೂ ಅದರಲ್ಲಿದ್ದರು. ಕೋರ್ಟುಗಳಲ್ಲಿ ಮೊಕದ್ದಮೆಗಳಾದ ಮೇಲೆ ಹಿಂದಕ್ಕೆ ಕೊಟ್ಟರು. ನಿಮ್ಮ ಮಗನ ಜೊತೆ ಅವತ್ತು ಆ ಮನೆಯಲ್ಲಿ ಅಂಥ ಹುಡುಗರಿದ್ದರೆ ಅವರ ತಂದೆತಾಯಿಗೂ ಈ ಮಾತು ಮುಟ್ಟಿಸಿ.

ಕಾಲವೂ ನಿಮ್ಮ ಕೈಯಲ್ಲಿದೆ. ಟೆಕ್ಸಸ್‌ನಲ್ಲಿ ಪೊಲೀಸ್ ಆಗಲು ಪೌರತ್ವ ಬೇಕು, ಸೇನೆಯಲ್ಲಿ ಸೇವೆ ಮಾಡಿದ ಕೆಲವರಿಗೆ ಮಾತ್ರ ರಿಯಾಯಿತಿ. ಗ್ರೀನ್ ಕಾರ್ಡ್ ಬಂದು ಐದು ವರ್ಷವಾಗದೆ ಪೌರತ್ವದ ಅರ್ಜಿ ಮುಗಿಯುವುದಿಲ್ಲ. ಅಷ್ಟರಲ್ಲಿ ಅವನಿಗೆ ಇಪ್ಪತ್ತನಾಲ್ಕು. ಐದು ವರ್ಷ ಚೊಕ್ಕವಾಗಿ ನಡೆದುಕೊಂಡ ಹುಡುಗನ ಬಳಿ ಆ ಒಂದು ರಾತ್ರಿಯ ಬಗ್ಗೆ ಕೇಳಿದರೆ ಹೇಳಲು ಐದು ವರ್ಷದ ಉತ್ತರವಿರುತ್ತದೆ. ಇವತ್ತೇ ಒಂದು ನೋಟ್‌ಬುಕ್ಕಿನಲ್ಲಿ ಬರೆಯಲು ಹೇಳಿ: ಯಾವ ದಿನ, ಯಾರ ಮನೆ, ಎಷ್ಟು ಕುಡಿದಿದ್ದ, ಅಧಿಕಾರಿ ಏನು ಕೇಳಿದರು, ಇವನು ಏನು ಹೇಳಿದ. ಐದು ವರ್ಷದ ಮೇಲೆ ಬರೆದರೆ ಒಂದೊಂದು ಅರ್ಜಿಯಲ್ಲಿ ಒಂದೊಂದು ರೀತಿ ಬರುತ್ತದೆ, ತನಿಖಾಧಿಕಾರಿಗೆ ಅದು ಸುಳ್ಳಿನಂತೆಯೇ ಕಾಣುತ್ತದೆ.

ಈ ಭಾನುವಾರ ಮಧ್ಯಾಹ್ನ ಊಟಕ್ಕೆ ಬನ್ನಿ, ಹುಡುಗನನ್ನೂ ಕರೆದುಕೊಂಡು ಬನ್ನಿ. ನನ್ನ ಮಗ ಇರುತ್ತಾನೆ, ಅವನ ಜೊತೆ ತಾನೇ ಮಾತಾಡುತ್ತೇನೆ ಎಂದಿದ್ದಾನೆ. ಊರಿನಿಂದ ಬಂದ ಅಪ್ಪೆಮಿಡಿ ಇದೆ, ಸಾರು ಮಾಡಿರುತ್ತೇನೆ. ಬರುವಾಗ ಆ ಚೀಟಿಯನ್ನು ಮರೆಯದೆ ತನ್ನಿ. ಅಲ್ಲಿಯವರೆಗೆ ಅದರ ಹಿಂದಿನ ಪುಟದಲ್ಲಿ ಯಾವ ಚೌಕಕ್ಕೂ ಗುರುತು ಹಾಕಬೇಡಿ.

ನಿಮ್ಮ ಅಕ್ಕ